ವಾಣಿಜ್ಯ ಆಸ್ತಿ ಮತ್ತು ಡೇಟಾ ಸೆಂಟರ್: ಏಷ್ಯಾದ ಮಾರುಕಟ್ಟೆಯಲ್ಲಿ ಕರ್ನಾಟಕ

ವಾಸಕ್ಕಲ್ಲದೆ ವ್ಯವಹಾರಕ್ಕಾಗಿ ಕಟ್ಟಿ, ಬಾಡಿಗೆಗೋ ದೀರ್ಘ ಗುತ್ತಿಗೆಗೋ ಕೊಡುವ ಸ್ಥಿರಾಸ್ತಿಯೇ ವಾಣಿಜ್ಯ ಆಸ್ತಿ. ಅಂಗಡಿ ಮಳಿಗೆ, ಗೋದಾಮು, ಹೋಟೆಲು, ಕಚೇರಿ ಕಟ್ಟಡ ಇವು ಮೊದಲಿನಿಂದಲೂ ಈ ಗುಂಪಿನಲ್ಲಿವೆ. ಕಳೆದ ಒಂದೂವರೆ ದಶಕದಲ್ಲಿ ಇವುಗಳ ಸಾಲಿಗೆ ಡೇಟಾ ಸೆಂಟರ್ ಸೇರಿದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಮೊಬೈಲಿನಲ್ಲಿ ನೋಡುವ ಚಲನಚಿತ್ರ, ಸರ್ಕಾರದ ಪಹಣಿ ಎಲ್ಲವನ್ನೂ ಸಂಗ್ರಹಿಸಿ ಸಂಸ್ಕರಿಸುವ ಸರ್ವರ್ ಯಂತ್ರಗಳಿಗೆಂದೇ ಕಟ್ಟಿದ ಕಟ್ಟಡ ಅದು. ಕಚೇರಿಯ ಬೆಲೆಯನ್ನು ಚದರ ಅಡಿಯಲ್ಲಿ ಅಳೆಯುತ್ತಾರೆ, ಡೇಟಾ ಸೆಂಟರಿನ ಬೆಲೆಯನ್ನು ಮೆಗಾವಾಟ್‌ನಲ್ಲಿ. ಏಷ್ಯಾದ ವಾಣಿಜ್ಯ ಆಸ್ತಿ ಮಾರುಕಟ್ಟೆಯಲ್ಲಿ ಇಂದು ಆಗುತ್ತಿರುವ ಬದಲಾವಣೆಯ ಬಹುಪಾಲು ಈ ಅಳತೆಯ ವ್ಯತ್ಯಾಸದಲ್ಲೇ ಅಡಗಿದೆ. ಕಚೇರಿ ಮಾರುಕಟ್ಟೆಯಲ್ಲಿ ಭಾರತಕ್ಕೇ ಮೊದಲಿಗನಾದ ಕರ್ನಾಟಕ ಡೇಟಾ ಸೆಂಟರ್ ವಿಷಯದಲ್ಲಿ ಮಾತ್ರ ಹಿಂದಿದೆ.

ಹಿನ್ನೆಲೆ

ವ್ಯಾಪಾರದ ಸ್ಥಳವನ್ನು ಆದಾಯದ ಮೂಲವಾಗಿ ಕಾಣುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಅಂಗಡಿ, ಸಂತೆ, ಎಣ್ಣೆ ಗಾಣಗಳಿಂದ ಬರುವ ತೆರಿಗೆಯನ್ನು ದೇವಸ್ಥಾನಕ್ಕೂ ಅಗ್ರಹಾರಕ್ಕೂ ಬಿಟ್ಟುಕೊಟ್ಟ ಉಲ್ಲೇಖಗಳು ಹೊಯ್ಸಳರ ಕಾಲದ ಶಾಸನಗಳಲ್ಲಿ ಹೇರಳವಾಗಿವೆ. ಬೆಂಗಳೂರಿನಲ್ಲಿ ಬಳೇಪೇಟೆ, ಅಕ್ಕಿಪೇಟೆಗಳು ಸರಕಿನ ಹೆಸರಿನಲ್ಲಿ ಬೆಳೆದ ಮಾರುಕಟ್ಟೆ ಬೀದಿಗಳು. ದಂಡು ಪ್ರದೇಶದಲ್ಲಿ ಸೌತ್ ಪೆರೇಡ್, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆ, ಬೇರೆಯದೇ ಬಗೆಯ ವ್ಯಾಪಾರ ಕೇಂದ್ರವಾಯಿತು. ಇಲ್ಲೆಲ್ಲ ಅಂಗಡಿಯ ಮಾಲೀಕ ಮತ್ತು ಬಾಡಿಗೆದಾರ ಒಂದೇ ಊರಿನವರು. ದೂರದ ಹೂಡಿಕೆದಾರನ ಹಣ ಕಟ್ಟಡಕ್ಕೆ ಬಂದದ್ದು ಬಹಳ ತಡವಾಗಿ.

ಟೆಕ್ ಪಾರ್ಕುಗಳ ಬೆಂಗಳೂರು

ಆಧುನಿಕ ಕಚೇರಿ ಮಾರುಕಟ್ಟೆಗೆ ನೆಲ ಒದಗಿಸಿದ್ದು ಸರ್ಕಾರ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1966ರಲ್ಲಿ, ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1976ರಲ್ಲಿ ಸ್ಥಾಪನೆಯಾದವು. ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್. ಕೆ. ಬಾಳಿಗ ಅವರ ಕಲ್ಪನೆಯಂತೆ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಸುಮಾರು 330 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ರೂಪುಗೊಂಡಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ವಿದೇಶಿ ಕಂಪನಿಯೊಂದು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ವಿನ್ಯಾಸದ ಕೆಲಸ ಮಾಡಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಬಂದು, ರಫ್ತಿನ ಆದಾಯಕ್ಕೆ ತೆರಿಗೆ ವಿನಾಯಿತಿ ದೊರೆತು, ವೇಗದ ಸಂಪರ್ಕ ಸಣ್ಣ ಕಂಪನಿಗಳ ಕೈಗೂ ಎಟುಕಿತು. 1997ರಲ್ಲಿ ದೇಶದಲ್ಲೇ ಮೊದಲು ಮಾಹಿತಿ ತಂತ್ರಜ್ಞಾನ ನೀತಿ ಪ್ರಕಟಿಸಿದ ರಾಜ್ಯ ಕರ್ನಾಟಕ.

ಇಲ್ಲಿಯವರೆಗೂ ಕಂಪನಿಗಳು ತಮ್ಮ ಕಟ್ಟಡಗಳನ್ನು ತಾವೇ ಕಟ್ಟಿಕೊಳ್ಳುತ್ತಿದ್ದವು, ಇಲ್ಲವೇ ಜಯನಗರ, ಕೋರಮಂಗಲಗಳ ಮನೆಗಳನ್ನು ಕಚೇರಿ ಮಾಡಿಕೊಳ್ಳುತ್ತಿದ್ದವು. ಬಾಡಿಗೆಗೆಂದೇ ಕಟ್ಟಿದ, ತನ್ನದೇ ವಿದ್ಯುತ್ ಸ್ಥಾವರವಿದ್ದ ಮೊದಲ ದೊಡ್ಡ ಆವರಣ ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್, ಜನರ ಬಾಯಲ್ಲಿ ಐಟಿಪಿಎಲ್. ಸಿಂಗಪುರದ ಸಂಸ್ಥೆಗಳು, ಟಾಟಾ ಸಮೂಹ ಮತ್ತು ಕರ್ನಾಟಕ ಸರ್ಕಾರ ಸೇರಿ 1990ರ ದಶಕದಲ್ಲಿ ಇದನ್ನು ಕಟ್ಟಿದವು. ಆ ಕಾಲದ ಬೆಂಗಳೂರಿನಲ್ಲಿ ಕರೆಂಟು ಹೋಗುವುದು ದಿನನಿತ್ಯದ ಸಂಗತಿ. ವಿದ್ಯುತ್ತಿನ ಭರವಸೆ ಇರುವ ಕಟ್ಟಡಕ್ಕೆ ಬಾಡಿಗೆದಾರ ಹೆಚ್ಚು ಹಣ ಕೊಡುತ್ತಾನೆ ಎಂಬ ಪಾಠ ಅಲ್ಲಿಯೇ ಸಿಕ್ಕಿತು. ಡೇಟಾ ಸೆಂಟರ್ ವ್ಯವಹಾರ ಇಂದು ನಿಂತಿರುವುದು ಇದೇ ಪಾಠದ ಮೇಲೆ.

ನಂತರದ ಬೆಳವಣಿಗೆ ವೇಗವಾಗಿ ನಡೆಯಿತು. 2005ರ ವಿಶೇಷ ಆರ್ಥಿಕ ವಲಯ ಕಾಯ್ದೆ ಹೊರವರ್ತುಲ ರಸ್ತೆಯ ಉದ್ದಕ್ಕೂ ದೊಡ್ಡ ದೊಡ್ಡ ಆವರಣಗಳನ್ನು ಎಬ್ಬಿಸಿತು. ನಾಗವಾರದ ಮಾನ್ಯತಾ, ಚಲ್ಲಘಟ್ಟದ ಗಾಲ್ಫ್‌ಲಿಂಕ್ಸ್, ಸಿ. ವಿ. ರಾಮನ್ ನಗರದ ಬಾಗ್ಮನೆ, ಬೆಳ್ಳಂದೂರಿನ ಇಕೋಸ್ಪೇಸ್ ಮತ್ತು ಇಕೋವರ್ಲ್ಡ್ ಒಂದೊಂದೂ ಹಗಲು ಹೊತ್ತಿನಲ್ಲಿ ಒಂದು ತಾಲ್ಲೂಕು ಕೇಂದ್ರದಷ್ಟು ಜನರನ್ನು ಹೊರುತ್ತವೆ. ತೆರಿಗೆ ವಿನಾಯಿತಿಯ ಅವಧಿ ಮುಗಿದ ಮೇಲೆ ವಿಶೇಷ ಆರ್ಥಿಕ ವಲಯದ ಕಟ್ಟಡಗಳಲ್ಲಿ ಮಹಡಿಗಳು ಖಾಲಿ ಬೀಳತೊಡಗಿದವು. ಮಹಡಿವಾರು ವಲಯಮುಕ್ತಗೊಳಿಸಲು 2023ರ ಡಿಸೆಂಬರ್‌ನಲ್ಲಿ ಕೇಂದ್ರ ಅವಕಾಶ ಕೊಟ್ಟ ನಂತರ ಆ ಜಾಗಗಳು ಮತ್ತೆ ಸಾಮಾನ್ಯ ಬಾಡಿಗೆದಾರರಿಗೆ ತೆರೆದುಕೊಂಡವು. ಇಂದು ಬೆಂಗಳೂರಿನಲ್ಲಿರುವ ಉತ್ತಮ ದರ್ಜೆಯ ಕಚೇರಿ ಜಾಗ 20 ಕೋಟಿ ಚದರ ಅಡಿಗೂ ಹೆಚ್ಚು. ಭಾರತದ ಬೇರೆ ಯಾವ ನಗರದಲ್ಲೂ ಇಷ್ಟಿಲ್ಲ.

2020ರ ಕೋವಿಡ್ ಕಾಲದಲ್ಲಿ ಈ ಜಾಗವೆಲ್ಲ ಹೆಚ್ಚುಕಡಿಮೆ ನಿರ್ಜನವಾಯಿತು. ಮನೆಯಿಂದ ಕೆಲಸ ಶಾಶ್ವತವಾಗುತ್ತದೆ, ಕಚೇರಿಯ ಕಾಲ ಮುಗಿಯಿತು ಎಂಬ ಮಾತು ಆಗ ಬಲವಾಗಿತ್ತು. ಹಾಗಾಗಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ತೆರೆಯುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ವ್ಯವಹಾರದ ಮಾತಿನಲ್ಲಿ ಜಿಸಿಸಿಗಳು, ಖಾಲಿ ಮಹಡಿಗಳನ್ನು ತುಂಬಿದವು. 2024ರ ಹೊತ್ತಿಗೆ ದೇಶದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳಿದ್ದು, ಸುಮಾರು 19 ಲಕ್ಷ ಜನ ಅವುಗಳಲ್ಲಿ ದುಡಿಯುತ್ತಿದ್ದರು. ಬೇರಾವ ನಗರಕ್ಕಿಂತ ಹೆಚ್ಚಿನ ಕೇಂದ್ರಗಳು ಬೆಂಗಳೂರಿನಲ್ಲಿವೆ. 2024ರ ನವೆಂಬರ್‌ನಲ್ಲಿ ಕರ್ನಾಟಕ ಇವುಗಳಿಗೆಂದೇ ಪ್ರತ್ಯೇಕ ನೀತಿ ಪ್ರಕಟಿಸಿ, 2029ರೊಳಗೆ ಇನ್ನೂ 500 ಕೇಂದ್ರಗಳ ಗುರಿ ಇಟ್ಟುಕೊಂಡಿತು. 2024ರಲ್ಲಿ ಬೆಂಗಳೂರಿನಲ್ಲಿ ಗುತ್ತಿಗೆಯಾದ ಕಚೇರಿ ಜಾಗ 2 ಕೋಟಿ ಚದರ ಅಡಿ ದಾಟಿತು. 2025ರ ಫೆಬ್ರವರಿಯಲ್ಲಿ ಮಹದೇವಪುರದಲ್ಲಿ ಗೂಗಲ್‌ನ ‘ಅನಂತ’ ಆವರಣ ತೆರೆಯಿತು. ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಒಟ್ಟು ಗುತ್ತಿಗೆಯ ಲೆಕ್ಕದಲ್ಲಿ ಹಳೆಯ ಕಚೇರಿ ಬಿಟ್ಟು ಹೊಸದಕ್ಕೆ ಹೋದವರೂ ಸೇರಿರುತ್ತಾರೆ. ನಿವ್ವಳ ಬಳಕೆ ಎಂದರೆ ಬಿಟ್ಟ ಜಾಗವನ್ನು ಕಳೆದು ಉಳಿದದ್ದು. ಮಾರುಕಟ್ಟೆ ನಿಜವಾಗಿ ಬೆಳೆಯಿತೇ ಎಂದು ಹೇಳುವುದು ಎರಡನೆಯ ಅಂಕಿ. ಜಾಹೀರಾತುಗಳಲ್ಲಿ ಕಾಣಿಸುವುದು ಬಹುಮಟ್ಟಿಗೆ ಮೊದಲನೆಯದು.

ಈ ಬೆಳವಣಿಗೆಗೆ ನಗರ ತೆತ್ತ ಬೆಲೆಯೂ ದೊಡ್ಡದು. ಟೆಕ್ ಪಾರ್ಕುಗಳು ಕೆರೆಗಳ ಜಲಾನಯನದಲ್ಲಿ, ರಾಜಕಾಲುವೆಗಳ ಆಚೀಚೆ ಎದ್ದವು. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳು ಪ್ರಪಂಚದ ಪತ್ರಿಕೆಗಳಲ್ಲಿ ಬಂದವು. ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದದ್ದು 2023ರ ಅಕ್ಟೋಬರ್‌ನಲ್ಲಿ. ಎಲೆಕ್ಟ್ರಾನಿಕ್ಸ್ ಸಿಟಿಗೆ ಹಳದಿ ಮಾರ್ಗ ತಲುಪಿದ್ದು 2025ರ ಆಗಸ್ಟ್‌ನಲ್ಲಿ, ಆ ಪ್ರದೇಶ ಕೈಗಾರಿಕಾ ನಕ್ಷೆಯಲ್ಲಿ ಕಾಣಿಸಿಕೊಂಡು ನಾಲ್ಕು ದಶಕ ಕಳೆದ ಮೇಲೆ. ಕಟ್ಟಡ ಮೊದಲು, ರಸ್ತೆ ಮತ್ತು ನೀರು ಆಮೇಲೆ ಎಂಬ ಈ ಅನುಕ್ರಮ ಕರ್ನಾಟಕದ ವಾಣಿಜ್ಯ ಆಸ್ತಿ ಮಾರುಕಟ್ಟೆಯ ಅತಿ ದೊಡ್ಡ ದೋಷ.

ಗುತ್ತಿಗೆ ಮತ್ತು ರೀಟ್

ದೊಡ್ಡ ಕಚೇರಿಯ ಗುತ್ತಿಗೆ ಸಾಮಾನ್ಯವಾಗಿ ಒಂಬತ್ತು ವರ್ಷಗಳದ್ದು. ಮೊದಲ ಮೂರರಿಂದ ಐದು ವರ್ಷ ಬಾಡಿಗೆದಾರ ಬಿಟ್ಟುಹೋಗುವಂತಿಲ್ಲ. ಮೂರು ವರ್ಷಕ್ಕೊಮ್ಮೆ ಬಾಡಿಗೆ ಶೇ 15ರಷ್ಟು ಏರುವುದು ವಾಡಿಕೆ. ಮಾಲೀಕ ಬರಿಯ ಗೋಡೆ, ನೆಲ ಕೊಡಬಹುದು, ಇಲ್ಲವೇ ಹವಾನಿಯಂತ್ರಣ, ಜನರೇಟರ್ ಸಹಿತ ಕೊಡಬಹುದು. ಮೇಜು, ಕುರ್ಚಿ, ಕಾಫಿಯವರೆಗೆ ಎಲ್ಲವನ್ನೂ ಸಿದ್ಧಗೊಳಿಸಿ ಆಸನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಹಂಚಿಕೆಯ ಕಚೇರಿಗಳು ಈಚಿನವು. ವೀವರ್ಕ್ ಇಂಡಿಯಾ 2017ರಲ್ಲಿ ತನ್ನ ಕೆಲಸ ಆರಂಭಿಸಿದ್ದು ಬೆಂಗಳೂರಿನಿಂದಲೇ.

ಕಟ್ಟಡದಲ್ಲಿ ಸಾಮಾನ್ಯ ಹೂಡಿಕೆದಾರನೂ ಪಾಲು ಕೊಳ್ಳಬಹುದಾದ ಸಾಧನ ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್, ಚಿಕ್ಕದಾಗಿ ರೀಟ್. ಬಾಡಿಗೆ ತರುವ ಹಲವು ಕಟ್ಟಡಗಳನ್ನು ಒಂದು ಟ್ರಸ್ಟಿಗೆ ಸೇರಿಸಿ ಅದರ ಯೂನಿಟ್‌ಗಳನ್ನು ಷೇರುಪೇಟೆಯಲ್ಲಿ ಮಾರುತ್ತಾರೆ. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಕನಿಷ್ಠ ಶೇ 80ರಷ್ಟು ಹಣ ಪೂರ್ಣಗೊಂಡು ಆದಾಯ ತರುವ ಆಸ್ತಿಯಲ್ಲಿರಬೇಕು, ಹಂಚಬಹುದಾದ ನಿವ್ವಳ ನಗದಿನಲ್ಲಿ ಶೇ 90ರಷ್ಟನ್ನು ಯೂನಿಟ್‌ದಾರರಿಗೆ ಕೊಡಬೇಕು. ಏಷ್ಯಾದಲ್ಲಿ ಮೊದಲ ಸಾಲಿನ ರೀಟ್‌ಗಳು 2001ರಲ್ಲಿ ಜಪಾನಿನಲ್ಲಿ, 2002ರಲ್ಲಿ ಸಿಂಗಪುರದಲ್ಲಿ ಬಂದವು. ಭಾರತದಲ್ಲಿ ಸೆಬಿ ನಿಯಮ ರೂಪಿಸಿದ್ದು 2014ರಲ್ಲಿ. ದೇಶದ ಮೊದಲ ರೀಟ್ ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್. ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಸಹಭಾಗಿತ್ವದ ಈ ಟ್ರಸ್ಟ್ ₹4,750 ಕೋಟಿ ಸಂಗ್ರಹಿಸಿ 2019ರ ಏಪ್ರಿಲ್ 1ರಂದು ಷೇರುಪೇಟೆಗೆ ಬಂತು. ಬೆಂಗಳೂರಿನ ಸತ್ವ ಸಮೂಹ ಮತ್ತು ಬ್ಲ್ಯಾಕ್‌ಸ್ಟೋನ್ ಸೇರಿ ಕಟ್ಟಿದ ನಾಲೆಡ್ಜ್ ರಿಯಾಲ್ಟಿ ಟ್ರಸ್ಟ್ 2025ರ ಆಗಸ್ಟ್‌ನಲ್ಲಿ ಅದನ್ನು ಹಿಂಬಾಲಿಸಿತು. ಆದರೆ ಬೆಂಗಳೂರಿನ ಕಟ್ಟಡ ವಿದೇಶಿ ಷೇರುಪೇಟೆ ಕಂಡದ್ದು ಅದಕ್ಕೂ ಮೊದಲು. ಐಟಿಪಿಎಲ್ ಅನ್ನು ಒಳಗೊಂಡ ಅಸೆಂಡಾಸ್ ಇಂಡಿಯಾ ಟ್ರಸ್ಟ್ 2007ರಲ್ಲೇ ಸಿಂಗಪುರದ ಷೇರುಪೇಟೆಗೆ ಸೇರಿತ್ತು. ಈಗ ಕ್ಯಾಪಿಟಾಲ್ಯಾಂಡ್ ಇಂಡಿಯಾ ಟ್ರಸ್ಟ್ ಎನ್ನಿಸಿಕೊಂಡಿರುವ ಅದೇ ಸಂಸ್ಥೆ ನವಿ ಮುಂಬೈ, ಹೈದರಾಬಾದ್, ಚೆನ್ನೈ, ಬೆಂಗಳೂರುಗಳಲ್ಲಿ ಡೇಟಾ ಸೆಂಟರ್ ಯೋಜನೆಗಳನ್ನು ಕೈಗೆತ್ತಿಕೊಂಡಿದೆ. ಕಚೇರಿ ಬಾಡಿಗೆಯಿಂದ ಬೆಳೆದ ಬಂಡವಾಳ ಯಾವ ಕಡೆಗೆ ಹೊರಳುತ್ತಿದೆ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಏಷ್ಯಾದ ಉಳಿದ ಕಚೇರಿ ಮಾರುಕಟ್ಟೆಗಳು ಒಂದೇ ದಿಕ್ಕಿನಲ್ಲಿಲ್ಲ. ಪ್ರಪಂಚದ ಅತಿ ದುಬಾರಿ ಕಚೇರಿಗಳ ತಾಣವಾಗಿದ್ದ ಹಾಂಗ್‌ಕಾಂಗ್‌ನಲ್ಲಿ 2019ರಿಂದೀಚೆಗೆ ಬಾಡಿಗೆ ಇಳಿಯುತ್ತಲೇ ಹೋಗಿ ಖಾಲಿ ಜಾಗ ದಾಖಲೆ ಮುಟ್ಟಿತು. ಚೀನಾದಲ್ಲಿ 2021ರಲ್ಲಿ ಎವರ್‌ಗ್ರಾಂಡ್ ಸಾಲ ತೀರಿಸಲಾಗದೆ ಕುಸಿದ ಮೇಲೆ ಸ್ಥಿರಾಸ್ತಿ ಕ್ಷೇತ್ರವೇ ಮಂಕಾಯಿತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಆ ಕಂಪನಿಯ ಸಮಾಪನೆಗೆ ಆದೇಶಿಸಿತು. ಟೋಕಿಯೊ ಇದಕ್ಕೆ ತದ್ವಿರುದ್ಧ. ಅಲ್ಲಿ ಜನ ಕಚೇರಿಗೆ ಮರಳಿದ್ದಾರೆ, ಖಾಲಿ ಜಾಗ ಕಡಿಮೆ.

ಡೇಟಾ ಸೆಂಟರ್ ಎಂಬ ಆಸ್ತಿ

ಹೊರಗಿನಿಂದ ನೋಡಿದರೆ ಕಿಟಕಿಯಿಲ್ಲದ ಗೋದಾಮಿನಂತೆ ಕಾಣುವ ಈ ಕಟ್ಟಡದ ವೆಚ್ಚದಲ್ಲಿ ಗೋಡೆ, ಸೂರಿನ ಪಾಲು ಚಿಕ್ಕದು. ವಿದ್ಯುತ್ ಪರಿವರ್ತಕ, ಬ್ಯಾಟರಿ, ಜನರೇಟರ್, ತಂಪುಗೊಳಿಸುವ ಯಂತ್ರಗಳೇ ಬಹುಪಾಲು. ಒಂದೇ ಕಟ್ಟಡದಲ್ಲಿ ಹಲವು ಗ್ರಾಹಕರಿಗೆ ಸರ್ವರ್ ಇಡುವ ಚೌಕಟ್ಟುಗಳನ್ನು ಬಾಡಿಗೆಗೆ ಕೊಡುವುದು ಒಂದು ಬಗೆ. ಅಮೆಜಾನ್, ಮೈಕ್ರೊಸಾಫ್ಟ್, ಗೂಗಲ್‌ನಂತಹ ಒಬ್ಬರೇ ಇಡೀ ಕಟ್ಟಡ ಹಿಡಿಯುವುದು ಇನ್ನೊಂದು. ಭರವಸೆಯ ಮಟ್ಟಕ್ಕೆ ದರ್ಜೆಗಳಿವೆ. ಮೂರನೆಯ ದರ್ಜೆಯ ಕೇಂದ್ರ ವರ್ಷದ ಶೇ 99.982ರಷ್ಟು ಹೊತ್ತು ಚಾಲೂ ಇರಬೇಕು, ಅಂದರೆ ನಿಲುಗಡೆ ಸುಮಾರು ಒಂದೂವರೆ ಗಂಟೆಗಿಂತ ಹೆಚ್ಚಾಗಬಾರದು. ನಾಲ್ಕನೆಯ ದರ್ಜೆಗೆ ಅರ್ಧ ಗಂಟೆಯೂ ಇಲ್ಲ. ಈ ಭರವಸೆ ಮುರಿದರೆ ಆಗುವ ಹಾನಿ ದೊಡ್ಡದು. 2022ರ ಅಕ್ಟೋಬರ್ 15ರಂದು ದಕ್ಷಿಣ ಕೊರಿಯಾದ ಪಾಂಗ್ಯೊದಲ್ಲಿ ಒಂದು ಕೇಂದ್ರಕ್ಕೆ ಬೆಂಕಿ ಬಿದ್ದಾಗ ಕಾಕಾವ್ ಸೇವೆಗಳು ಸ್ಥಗಿತಗೊಂಡು, ಇಡೀ ದೇಶದ ಸಂದೇಶ, ಪಾವತಿ, ಟ್ಯಾಕ್ಸಿ ವ್ಯವಸ್ಥೆ ಅಸ್ತವ್ಯಸ್ತವಾಯಿತು.

ಏಷ್ಯಾದಲ್ಲಿ ಈ ಉದ್ಯಮದ ಹಳೆಯ ನೆಲೆಗಳು ಟೋಕಿಯೊ, ಸಿಂಗಪುರ, ಹಾಂಗ್‌ಕಾಂಗ್. ಏಷ್ಯಾದ ಮೊದಲ ಡೇಟಾ ಸೆಂಟರ್ ರೀಟ್, ಕೆಪೆಲ್ ಡಿಸಿ, 2014ರಲ್ಲಿ ಸಿಂಗಪುರದಲ್ಲೇ ಷೇರುಪೇಟೆಗೆ ಬಂತು. ಮುಂದಿನ ಐದು ವರ್ಷಗಳಲ್ಲಿ ಆ ಪುಟ್ಟ ದೇಶದ ವಿದ್ಯುತ್ತಿನ ಸುಮಾರು ಶೇ 7ರಷ್ಟನ್ನು ಡೇಟಾ ಸೆಂಟರ್‌ಗಳೇ ಕುಡಿಯತೊಡಗಿದವು. 2019ರಲ್ಲಿ ಸರ್ಕಾರ ಹೊಸ ಕೇಂದ್ರಗಳಿಗೆ ಅನುಮತಿ ನಿಲ್ಲಿಸಿತು. 2022ರಲ್ಲಿ ನಿರ್ಬಂಧ ಸಡಿಲಿಸಿದಾಗ ಇಂಧನ ದಕ್ಷತೆಯ ಕಠಿಣ ಷರತ್ತು ಹಾಕಿತು. 2023ರಲ್ಲಿ ನಾಲ್ಕು ಅರ್ಜಿದಾರರಿಗೆ ಒಟ್ಟು ಸುಮಾರು 80 ಮೆಗಾವಾಟ್ ಮಾತ್ರ ಹಂಚಿತು. ಈ ತಡೆಯಿಂದ ಉಕ್ಕಿ ಹರಿದ ಬೇಡಿಕೆ ಕಡಲಾಚೆಯ ಮಲೇಷ್ಯಾದ ಜೊಹೊರ್‌ಗೂ ಇಂಡೊನೇಷ್ಯಾದ ಬಾತಾಮ್‌ಗೂ ಹೋಯಿತು. ರಬ್ಬರ್, ತಾಳೆ ತೋಟಗಳ ನಾಡಾಗಿದ್ದ ಜೊಹೊರ್ ಕೆಲವೇ ವರ್ಷಗಳಲ್ಲಿ ಆಗ್ನೇಯ ಏಷ್ಯಾದ ಅತಿ ವೇಗದ ಡೇಟಾ ಸೆಂಟರ್ ಮಾರುಕಟ್ಟೆಯಾಯಿತು, ಈಗ ಅಲ್ಲೂ ನೀರು ಮತ್ತು ವಿದ್ಯುತ್ತಿನ ಮಾತು ಎದ್ದಿದೆ. ಚೀನಾ 2022ರ ಫೆಬ್ರವರಿಯಲ್ಲಿ ಪೂರ್ವದ ನಗರಗಳ ದತ್ತಾಂಶವನ್ನು ವಿದ್ಯುತ್ ಹೇರಳವಾಗಿರುವ ಪಶ್ಚಿಮದ ಪ್ರಾಂತ್ಯಗಳಿಗೆ ಒಯ್ಯುವ ರಾಷ್ಟ್ರೀಯ ಯೋಜನೆ ಹಾಕಿತು. ಹೂಡಿಕೆಯ ಗಾತ್ರಕ್ಕೆ ಒಂದು ಸಾಕ್ಷಿ: 2024ರಲ್ಲಿ ಏರ್‌ಟ್ರಂಕ್ ಎಂಬ ಏಷ್ಯಾ ಪೆಸಿಫಿಕ್ ವಲಯದ ಕಂಪನಿಯನ್ನು ಬ್ಲ್ಯಾಕ್‌ಸ್ಟೋನ್ ಮತ್ತು ಕೆನಡಾದ ಪಿಂಚಣಿ ನಿಧಿ ಸೇರಿ ಕೊಳ್ಳಲು ಒಪ್ಪಿದ್ದು ಸುಮಾರು 2,400 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ.

ಭಾರತದಲ್ಲಿ ಬೇಡಿಕೆಗೆ ಕಾನೂನಿನ ತಳ್ಳುವಿಕೆಯೂ ಇದೆ. ಪಾವತಿ ವ್ಯವಸ್ಥೆಯ ಮಾಹಿತಿ ದೇಶದೊಳಗೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2022ರಲ್ಲಿ ಡೇಟಾ ಸೆಂಟರಿಗೆ ಮೂಲಸೌಕರ್ಯದ ಸ್ಥಾನ ಸಿಕ್ಕಿದ್ದರಿಂದ ದೀರ್ಘಾವಧಿಯ ಸಾಲ ಸುಲಭವಾಯಿತು. ದೇಶದ ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಮುಂಬೈ, ನವಿ ಮುಂಬೈಗಳಲ್ಲಿದೆ. ಎರಡನೆಯ ಮುಖ್ಯ ನೆಲೆ ಚೆನ್ನೈ. 2025ರ ಅಕ್ಟೋಬರ್‌ನಲ್ಲಿ ಗೂಗಲ್ 1,500 ಕೋಟಿ ಡಾಲರ್ ಹೂಡಿಕೆಯ ಕೃತಕ ಬುದ್ಧಿಮತ್ತೆ ಕೇಂದ್ರಕ್ಕೆ ವಿಶಾಖಪಟ್ಟಣವನ್ನು ಆರಿಸಿಕೊಂಡಿತು.

ಕರ್ನಾಟಕ ಹಿಂದುಳಿದದ್ದೇಕೆ

ಮುಂಬೈ, ಚೆನ್ನೈ, ವಿಶಾಖಪಟ್ಟಣ ಮೂರೂ ಕಡಲ ನಗರಗಳು. ದೇಶದೇಶಗಳ ನಡುವಿನ ದತ್ತಾಂಶ ಹರಿಯುವುದು ಸಮುದ್ರದ ತಳದ ಕೇಬಲ್‌ಗಳಲ್ಲಿ. ಆ ಕೇಬಲ್‌ಗಳು ದಡ ಮುಟ್ಟುವ ಕಡೆ ಡೇಟಾ ಸೆಂಟರ್‌ಗಳು ಕೂಡುತ್ತವೆ. ಕರ್ನಾಟಕಕ್ಕೆ 300 ಕಿಲೊಮೀಟರಿಗೂ ಹೆಚ್ಚು ಕರಾವಳಿ ಇದ್ದರೂ ಅಂತರರಾಷ್ಟ್ರೀಯ ಕೇಬಲ್ ಇಳಿಯುವ ನೆಲೆ ಒಂದೂ ಇಲ್ಲ. ಮಂಗಳೂರಿನಲ್ಲಿ ಅಂಥ ನೆಲೆ ಬೇಕೆಂಬ ಬೇಡಿಕೆ ಹಲವು ವರ್ಷಗಳದ್ದು. ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಸಾಗುತ್ತದೆ. ಮುಂಬೈಯಿಂದ ಬೆಂಗಳೂರಿಗೆ 1,000 ಕಿಲೊಮೀಟರ್ ಹೋಗಿಬರಲು ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ಓದುಗನಿಗೆ ಇದು ಗೊತ್ತೂ ಆಗದು, ಷೇರು ವ್ಯವಹಾರದ ಯಂತ್ರಕ್ಕೆ ಮಾತ್ರ ಇದು ದೀರ್ಘ ಕಾಲ.

ಹಾಗೆಂದು ಬೆಂಗಳೂರಿನಲ್ಲಿ ಡೇಟಾ ಸೆಂಟರ್‌ಗಳೇ ಇಲ್ಲವೆಂದಲ್ಲ. ಎನ್‌ಟಿಟಿ, ಎಸ್‌ಟಿಟಿ, ಕಂಟ್ರೋಲ್‌ಎಸ್, ಸಿಫಿ, ಏರ್‌ಟೆಲ್‌ನ ನೆಕ್ಸ್‌ಟ್ರಾ ಇಲ್ಲಿ ಕೇಂದ್ರಗಳನ್ನು ನಡೆಸುತ್ತಿವೆ. ಇಡೀ ದೇಶದ ಆಧಾರ್ ಮಾಹಿತಿಯನ್ನು ಇರಿಸಿಕೊಂಡಿರುವ ಎರಡು ಕೇಂದ್ರಗಳಲ್ಲಿ ಒಂದು ಬೆಂಗಳೂರಿನದು, ಇನ್ನೊಂದು ಹರಿಯಾಣದ ಮಾನೇಸರದ್ದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಹಿತವಾದ ಹವೆಯಿಂದ ಯಂತ್ರ ತಂಪಾಗಿಡುವ ಖರ್ಚು ಉಳಿಯುತ್ತದೆ. ಭೂಕಂಪದ ಭಯ ಕಡಿಮೆ, ಚಂಡಮಾರುತದ ಕಾಟವಿಲ್ಲ. ನುರಿತ ಎಂಜಿನಿಯರುಗಳ ಕೊರತೆಯಿಲ್ಲ. ರಾಜ್ಯ ಸರ್ಕಾರ 2022–27ರ ಅವಧಿಗೆ ಡೇಟಾ ಸೆಂಟರ್ ನೀತಿಯನ್ನೂ ಪ್ರಕಟಿಸಿದೆ. ವಿಶಾಖಪಟ್ಟಣದ ಘೋಷಣೆಯ ನಂತರ ಕರ್ನಾಟಕದ ಮಾಹಿತಿ ತಂತ್ರಜ್ಞಾನ ಸಚಿವ ಪ್ರಿಯಾಂಕ್ ಖರ್ಗೆ ಅವರು ಆಂಧ್ರಪ್ರದೇಶ ಕೊಟ್ಟ ರಿಯಾಯಿತಿಗಳ ಪ್ರಮಾಣವನ್ನು ಬಹಿರಂಗವಾಗಿ ಪ್ರಶ್ನಿಸಿದರು. ರಾಜಕೀಯ ಪೈಪೋಟಿಯ ಮಾತೆಂದು ತಳ್ಳಿಹಾಕುವಂಥದಲ್ಲ ಆ ಪ್ರಶ್ನೆ. ಒಂದು ಲಕ್ಷ ಚದರ ಅಡಿಯ ಕಚೇರಿಯಲ್ಲಿ ಸಾವಿರದಷ್ಟು ಜನ ಕೂತು ಕೆಲಸ ಮಾಡುತ್ತಾರೆ. ಅವರ ಸುತ್ತ ಹೋಟೆಲು, ಪಿಜಿ, ಆಟೊ, ತರಕಾರಿ ಅಂಗಡಿಗಳ ಬದುಕು ಹುಟ್ಟುತ್ತದೆ. ಅಷ್ಟೇ ಜಾಗದ ಡೇಟಾ ಸೆಂಟರನ್ನು ಕಟ್ಟಿ ಮುಗಿಸಿದ ಮೇಲೆ ನಡೆಸಲು ಕೆಲವು ಹತ್ತು ಜನ ಸಾಕು. ಉದ್ಯೋಗ ಸೃಷ್ಟಿಯ ಹೆಸರಿನಲ್ಲಿ ಟೆಕ್ ಪಾರ್ಕಿಗೆ ಕೊಟ್ಟ ರಿಯಾಯಿತಿಯ ಅಳತೆಗೋಲು ಇಲ್ಲಿಗೆ ಹೊಂದುವುದಿಲ್ಲ.

ವಿದ್ಯುತ್ ಮತ್ತು ನೀರಿನ ಲೆಕ್ಕ

100 ಮೆಗಾವಾಟ್‌ನ ಒಂದು ಕೇಂದ್ರ ಪೂರ್ಣ ಹೊರೆಯಲ್ಲಿ ವರ್ಷವಿಡೀ ನಡೆದರೆ 87.6 ಕೋಟಿ ಯೂನಿಟ್ ಬೇಕು. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗಳ ಲೆಕ್ಕದಲ್ಲಿ ಇದು 7 ಲಕ್ಷಕ್ಕೂ ಹೆಚ್ಚು ಮನೆಗಳ ವಿದ್ಯುತ್. 2025ರ ಬೇಸಿಗೆಯಲ್ಲಿ ಕರ್ನಾಟಕದ ಗರಿಷ್ಠ ಬೇಡಿಕೆ 18,000 ಮೆಗಾವಾಟ್ ದಾಟಿತು. ರಾಜ್ಯದಲ್ಲಿ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್, ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳು, 1,035 ಮೆಗಾವಾಟ್‌ನ ಶರಾವತಿ ಎಲ್ಲ ಇವೆ. ಹಸಿರು ವಿದ್ಯುತ್ ಕೇಳುವ ಜಾಗತಿಕ ಕಂಪನಿಗಳಿಗೆ ಇದು ದೊಡ್ಡ ಆಕರ್ಷಣೆ. ಆದರೆ ಸರ್ವರ್‌ಗಳಿಗೆ ರಾತ್ರಿಯಿಲ್ಲ, ಸೌರಫಲಕಗಳಿಗೆ ಇದೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕಾದಾಗ ಶರಾವತಿ ಕಣಿವೆಯ 2,000 ಮೆಗಾವಾಟ್ ಭೂಗತ ಪಂಪ್ಡ್ ಸ್ಟೋರೇಜ್‌ನಂತಹ ಯೋಜನೆಗಳು ಬರುತ್ತವೆ. ಸಿಂಗಳೀಕಗಳ ನೆಲೆಯಾದ ಆ ಕಣಿವೆಯ ಕಾಡಿಗಾಗಿ ಮಲೆನಾಡಿನ ಜನ ನಡೆಸಿರುವ ಹೋರಾಟಕ್ಕೂ ದೂರದ ಸರ್ವರ್ ಕೋಣೆಗೂ ಹೀಗೆ ನೇರವಾದ ನಂಟಿದೆ.

ಕೇಂದ್ರವೊಂದು ಸೆಳೆಯುವ ಒಟ್ಟು ವಿದ್ಯುತ್ತನ್ನು ಸರ್ವರ್‌ಗಳಿಗೆ ಸಲ್ಲುವ ವಿದ್ಯುತ್ತಿನಿಂದ ಭಾಗಿಸಿದರೆ ಅದರ ದಕ್ಷತೆ ತಿಳಿಯುತ್ತದೆ. 1.5 ಬಂದರೆ ಸರ್ವರ್‌ನ ಪ್ರತಿ ಯೂನಿಟ್ಟಿಗೆ ಇನ್ನರ್ಧ ಯೂನಿಟ್ ತಂಪುಗೊಳಿಸಲು ಮತ್ತು ಸೋರಿಕೆಗೆ ಹೋಯಿತೆಂದು ಅರ್ಥ. ನೀರನ್ನು ಆವಿಯಾಗಿಸಿ ತಂಪುಗೊಳಿಸಿದರೆ ವಿದ್ಯುತ್ ಉಳಿಯುತ್ತದೆ, ನೀರು ಹೋಗುತ್ತದೆ. ಒಂದು ಮೆಗಾವಾಟ್ ಶಾಖವನ್ನು ಪೂರ್ತಿ ಆವಿಯ ಮೂಲಕವೇ ಹೊರಹಾಕಲು ವರ್ಷಕ್ಕೆ ಸುಮಾರು 1.3 ಕೋಟಿ ಲೀಟರ್ ನೀರು ಬೇಕು. 100 ಮೆಗಾವಾಟ್‌ಗೆ ದಿನಕ್ಕೆ 35 ಲಕ್ಷ ಲೀಟರ್, ಅಂದರೆ ತಲಾ 135 ಲೀಟರಿನಂತೆ 26,000 ಜನರ ನೀರು. ನೀರಾವರಿಯ ಮುಂದೆ ಈ ಪ್ರಮಾಣ ಚಿಕ್ಕದು, ವರ್ಷಕ್ಕೆ ಒಂದು ಟಿಎಂಸಿಯ ಇಪ್ಪತ್ತನೆಯ ಒಂದು ಭಾಗವೂ ಆಗದು. ಆದರೆ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದು ನಿಂತ ವೈಟ್‌ಫೀಲ್ಡ್, ಮಹದೇವಪುರಗಳಂಥ ಕಡೆ ಅದು ಚಿಕ್ಕದಲ್ಲ. ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದದ್ದು ಹೊರವಲಯದ 110 ಹಳ್ಳಿಗಳ ಕುಡಿಯುವ ನೀರಿಗಾಗಿ. ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸುವುದು ಒಂದು ದಾರಿ. ಆದರೆ ಆ ನೀರಿಗೂ ವಾರಸುದಾರರಿದ್ದಾರೆ: ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ 2018ರಿಂದ ಅದು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಕೃತಕ ಬುದ್ಧಿಮತ್ತೆಯ ಹೊಸ ಯಂತ್ರಗಳು ಈ ಲೆಕ್ಕವನ್ನು ಇನ್ನೂ ಬಿಗಿಗೊಳಿಸುತ್ತಿವೆ. ಹಿಂದೆ ಒಂದು ಚೌಕಟ್ಟು 6ರಿಂದ 10 ಕಿಲೊವಾಟ್ ಬಳಸುತ್ತಿದ್ದಲ್ಲಿ ಈಗ 100 ಕಿಲೊವಾಟ್ ಮೀರಿದವು ಬಂದಿವೆ. ಅವುಗಳನ್ನು ಗಾಳಿಯಿಂದ ತಂಪುಗೊಳಿಸಲಾಗದೆ ಕೊಳವೆಗಳಲ್ಲಿ ದ್ರವ ಹರಿಸಬೇಕಾಗಿದೆ.

ನೆಲದ ಪ್ರಶ್ನೆ

2020ರ ಭೂಸುಧಾರಣಾ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು. ದೊಡ್ಡ ಯೋಜನೆಗಳಿಗೆ ಈಗಲೂ ಮುಖ್ಯ ದಾರಿ ಕೈಗಾರಿಕಾ ಮಂಡಳಿಯ ಸ್ವಾಧೀನವೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಪ್ರಸ್ತಾಪವನ್ನು ಕೈಬಿಟ್ಟಿತು. ಪಾವಗಡದಲ್ಲಿ ಬೇರೆ ಮಾದರಿ ನಡೆಯಿತು. ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ ₹21,000ದಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಏರಿಸುವ ಗುತ್ತಿಗೆಗೆ ಪಡೆಯಲಾಯಿತು. ಭೂಮಿಯಿಲ್ಲದ ಕೂಲಿಕಾರರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ ಎಂಬ ಕೊರತೆ ಅದರಲ್ಲೂ ಇದೆ. ಆದರೂ ನೆಲದ ಒಡೆತನ ರೈತನಲ್ಲೇ ಉಳಿಯುವ ಈ ಕ್ರಮ ಸ್ವಾಧೀನಕ್ಕಿಂತ ಮೇಲು.

ತರೀಕೆರೆ, ಕಡೂರು, ಅಜ್ಜಂಪುರ ಸೀಮೆ

ಬೆಂಗಳೂರಿನಾಚೆಗೂ ಹೂಡಿಕೆ ಹಂಚಬೇಕೆಂಬ ನೀತಿಯಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಮುಂದಿವೆ. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ, ಕಡೂರು, ಅಜ್ಜಂಪುರ ತಾಲ್ಲೂಕುಗಳಲ್ಲಿ ವಾಣಿಜ್ಯ ಆಸ್ತಿ ಎಂದರೆ ಇಂದಿಗೂ ಕೃಷಿ ಮಾರುಕಟ್ಟೆ ಪ್ರಾಂಗಣ, ಅಡಿಕೆ ಮತ್ತು ತೆಂಗಿನ ಗೋದಾಮು, ಪೇಟೆ ಬೀದಿಯ ಮಳಿಗೆ, ಹೆದ್ದಾರಿ ಬದಿಯ ಹೋಟೆಲು. ಶಿವಮೊಗ್ಗ, ಕಡೂರುಗಳನ್ನು ಸೇರಿಸುವ ರಾಷ್ಟ್ರೀಯ ಹೆದ್ದಾರಿ 69 ಮತ್ತು ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲುಮಾರ್ಗ ತರೀಕೆರೆಯ ಮೂಲಕ ಹಾಯುತ್ತವೆ. ಇಲ್ಲಿ ಮಳಿಗೆಯ ಬಾಡಿಗೆ ಅಡಿಕೆಯ ಧಾರಣೆಯೊಂದಿಗೆ ಏರಿಳಿಯುತ್ತದೆ.

ಆದರೂ ಡೇಟಾ ಸೆಂಟರ್ ಮಾರುಕಟ್ಟೆ ಈ ಸೀಮೆಗೆ ಹೊರಗಿನದಲ್ಲ. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ದೇವಾಲಯ ಕಟ್ಟಿಸಿದ ಅಮೃತಾಪುರದ ರೈತನ ಪಹಣಿ 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಿಂದ ಗಣಕೀಕೃತವಾಗಿದೆ. ಆ ದಾಖಲೆ ಈಗ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದ ಸರ್ವರ್‌ಗಳನ್ನು ನೆಚ್ಚಿಕೊಂಡಿದೆ. ಅಡಿಕೆಯ ಹರಾಜು 2014ರಲ್ಲಿ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಆನ್‌ಲೈನ್ ನಡೆಯುತ್ತದೆ. ಸರ್ವರ್ ಸಿಗುತ್ತಿಲ್ಲ ಎಂಬ ಉತ್ತರ ನಾಡಕಚೇರಿಯ ಸಾಲಿನಲ್ಲಿ ನಿಂತವನಿಗೆ ಒಂದು ದಿನದ ಕೂಲಿಯ ನಷ್ಟ. ಉತ್ತಮ ದರ್ಜೆಯ ಸರ್ಕಾರಿ ಡೇಟಾ ಸೆಂಟರ್ ಹೂಡಿಕೆದಾರನಿಗಿಂತ ಮೊದಲು ಬೇಕಿರುವುದು ಇವನಿಗೆ.

ನೀರಿನ ಕಡೆಯಿಂದಲೂ ಈ ಸೀಮೆಯ ಮೇಲೆ ಕಣ್ಣು ಬೀಳುವುದು ಸಹಜ. ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ ಭದ್ರೆಗೆ 17.4 ಟಿಎಂಸಿ, ಭದ್ರೆಯಿಂದ 29.9 ಟಿಎಂಸಿ ನೀರನ್ನು ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರಿನ ಕಡೆ ಹರಿಸಬೇಕು. ತರೀಕೆರೆ ತಾಲ್ಲೂಕಿನ ಬೆಟ್ಟದತಾವರೆಕೆರೆಯಲ್ಲಿ ಅದರ ಪಂಪುಮನೆ ಇದೆ. 2023ರ ಕೇಂದ್ರ ಬಜೆಟ್ ಈ ಯೋಜನೆಗೆ ₹5,300 ಕೋಟಿ ಘೋಷಿಸಿತು. ಈ ನೀರಿನ ಒಂದೊಂದು ಪಾಲೂ ಬರದ ತಾಲ್ಲೂಕುಗಳ ಹನಿ ನೀರಾವರಿಗೆ, ಕೆರೆಗಳಿಗೆ ಹಂಚಿಕೆಯಾಗಿದೆ. ಕೈಗಾರಿಕೆಗೆ ಅದರಲ್ಲಿ ಕೈಹಾಕಲು ಬಿಡಬಾರದು. ಅಜ್ಜಂಪುರದ ಅಮೃತಮಹಲ್ ದನಗಳ ತಳಿ ಕೇಂದ್ರ ಮತ್ತು ಸುತ್ತಣ ಕಾವಲುಗಳ, ಅಂದರೆ ಮೀಸಲು ಹುಲ್ಲುಗಾವಲುಗಳ, ವಿಷಯದಲ್ಲೂ ಎಚ್ಚರ ಅಗತ್ಯ. ಚಳ್ಳಕೆರೆಯ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ದನಗಾಹಿಗಳ ಮೇವಿನ ಹಕ್ಕು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು.

ಕರ್ನಾಟಕದ ಈಗಿನ ಡೇಟಾ ಸೆಂಟರ್ ನೀತಿಯ ಅವಧಿ 2027ಕ್ಕೆ ಮುಗಿಯುತ್ತದೆ. ಮುಂದಿನ ನೀತಿಯಲ್ಲಿ ರಿಯಾಯಿತಿ ಪಡೆಯುವ ಪ್ರತಿ ಕೇಂದ್ರವೂ ತಾನು ಬಳಸುವ ವಿದ್ಯುತ್ತಿನ ಮೂಲ, ಪ್ರತಿ ಮೆಗಾವಾಟ್‌ಗೆ ತಗಲುವ ನೀರು, ಕೊಡುವ ಕಾಯಂ ಉದ್ಯೋಗಗಳ ಸಂಖ್ಯೆ ಈ ಮೂರನ್ನೂ ವರ್ಷವರ್ಷ ಕನ್ನಡದಲ್ಲಿ ಪ್ರಕಟಿಸುವ ಷರತ್ತನ್ನು ಸರ್ಕಾರ ಸೇರಿಸಬೇಕು.